ಡಬ್ಬಿಯಲ್ಲಿ ಬರುವ ಕಲಬೆರಕೆ ಆಹಾರದ ಜಪ್ತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಅನಾನಸ್ ತುಂಡು, ಅಣಬೆ, ಮಾವಿನ ತಿರುಳು, ರಸಗುಲ್ಲ, ಜಾಮೂನು, ಮೀನು ಮುಂತಾದವು ತಗಡಿನ ಡಬ್ಬಿಯಲ್ಲಿ ಈಗ ತಾಲ್ಲೂಕು ಕೇಂದ್ರದ ಅಂಗಡಿಗಳಲ್ಲೂ ಸಿಗುತ್ತವೆ. ಬೇಕರಿ, ಹೋಟೆಲು, ಕಲ್ಯಾಣ ಮಂಟಪಗಳ ಅಡುಗೆಮನೆಗಳಿಗೆ ಮೂರು ಕಿಲೋ ತೂಕದ ದೊಡ್ಡ ಡಬ್ಬಿಗಳೇ ಹೋಗುತ್ತವೆ. ಇಂಥ ಸರಕಿನ ಮೇಲೆ ಅನುಮಾನ ಬಂದು ಅಧಿಕಾರಿಗಳು ಅದನ್ನು ಜಪ್ತಿ ಮಾಡಿದಾಗ ಅಂಗಡಿಯವರಿಗೂ ಗ್ರಾಹಕರಿಗೂ ಒಂದೇ ಬಗೆಯ ಗೊಂದಲಗಳು ಹುಟ್ಟುತ್ತವೆ. ಅವಕ್ಕೆ ಭಾರತದ ಕಾನೂನಿನ ಪ್ರಕಾರ ಉತ್ತರಗಳನ್ನು ಇಲ್ಲಿ ಕೊಡಲಾಗಿದೆ. ಮೊಕದ್ದಮೆ ಈಗಾಗಲೇ ನಡೆಯುತ್ತಿದ್ದರೆ ಕಾಗದಪತ್ರಗಳೊಂದಿಗೆ ವಕೀಲರನ್ನು ಕಾಣುವುದು ಅಗತ್ಯ.

ಈಗ ಜಾರಿಯಲ್ಲಿರುವ ಕಾನೂನು ಯಾವುದು?

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006. ಇದು ಪೂರ್ಣವಾಗಿ ಜಾರಿಗೆ ಬಂದದ್ದು 2011ರ ಆಗಸ್ಟ್ 5ರಂದು. ಅದಕ್ಕೂ ಮೊದಲು 1954ರ ಆಹಾರ ಕಲಬೆರಕೆ ತಡೆ ಕಾಯ್ದೆ ಇತ್ತು. ಹಣ್ಣಿನ ಉತ್ಪನ್ನಗಳಿಗೆ 1955ರ ಆದೇಶ, ಮಾಂಸದ ಉತ್ಪನ್ನಗಳಿಗೆ 1973ರ ಆದೇಶ ಹೀಗೆ ಪ್ರತ್ಯೇಕ ನಿಯಮಗಳೂ ಇದ್ದವು. ಡಬ್ಬಿಯಲ್ಲಿ ಅನಾನಸ್ ತುಂಬುವವರು ಒಂದು ಆದೇಶಕ್ಕೆ, ಮಾಂಸ ತುಂಬುವವರು ಇನ್ನೊಂದಕ್ಕೆ ಉತ್ತರ ಕೊಡಬೇಕಾಗಿತ್ತು. ಈಗ ಎಲ್ಲವೂ ಒಂದೇ ಕಾಯ್ದೆಯಡಿ ಬಂದಿವೆ. ಕೇಂದ್ರದಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, ಮಾನದಂಡಗಳನ್ನು ಗೊತ್ತುಮಾಡುತ್ತದೆ. ರಾಜ್ಯಗಳಲ್ಲಿ ಆಹಾರ ಸುರಕ್ಷತಾ ಆಯುಕ್ತರು, ಜಿಲ್ಲೆಯಲ್ಲಿ ಅಂಕಿತಾಧಿಕಾರಿ ಮತ್ತು ಅವರ ಕೆಳಗಿನ ಆಹಾರ ಸುರಕ್ಷತಾ ಅಧಿಕಾರಿಗಳು ಅದನ್ನು ಜಾರಿಗೊಳಿಸುತ್ತಾರೆ.

ಡಬ್ಬಿಯ ಆಹಾರ ಕಲಬೆರಕೆಯಾಗಿದೆ ಎಂದು ಕಾನೂನು ಯಾವಾಗ ಹೇಳುತ್ತದೆ?

ಜನ ಕಲಬೆರಕೆ ಎಂದು ಒಟ್ಟಾಗಿ ಕರೆಯುವುದನ್ನು 2006ರ ಕಾಯ್ದೆ ಬೇರೆ ಬೇರೆ ವರ್ಗಗಳಾಗಿ ವಿಂಗಡಿಸುತ್ತದೆ. ಮುಂದೆ ಬರುವ ದಂಡ, ಶಿಕ್ಷೆ, ವಿಚಾರಣೆಯ ಜಾಗ ಎಲ್ಲವೂ ಈ ವಿಂಗಡಣೆಯ ಮೇಲೆಯೇ ನಿಲ್ಲುವುದರಿಂದ ಇದನ್ನು ಸರಿಯಾಗಿ ತಿಳಿಯಬೇಕು.

ಮೊದಲನೆಯದು ಅಸುರಕ್ಷಿತ ಆಹಾರ. ಒಳಗಿನ ಪದಾರ್ಥ ಕೊಳೆತಿದ್ದರೆ, ಹುಳು ಬಿದ್ದಿದ್ದರೆ, ರೋಗಾಣುಗಳಿಂದ ಕೂಡಿದ್ದರೆ, ಮಿತಿ ಮೀರಿದ ವಿಷಲೋಹ ಅಥವಾ ನಿಷೇಧಿತ ಬಣ್ಣ ಸೇರಿದ್ದರೆ ಅದು ಈ ವರ್ಗಕ್ಕೆ ಬರುತ್ತದೆ. ಆಹಾರ ಮಾತ್ರವಲ್ಲ, ಅದನ್ನು ಇಟ್ಟಿರುವ ಡಬ್ಬಿಯೇ ಹಾನಿಕರ ವಸ್ತುವಿನಿಂದ ಮಾಡಲ್ಪಟ್ಟಿದ್ದರೂ ಆಹಾರ ಅಸುರಕ್ಷಿತವೆನಿಸುತ್ತದೆ ಎಂಬುದನ್ನು ಡಬ್ಬಿ ಉದ್ಯಮದವರು ವಿಶೇಷವಾಗಿ ಗಮನಿಸಬೇಕು. ತವರದ ಲೇಪನ ಕರಗಿ ಆಹಾರಕ್ಕೆ ಇಳಿಯುವುದು ಡಬ್ಬಿಯ ಆಹಾರದಲ್ಲಿ ಹಳೆಯ ಸಮಸ್ಯೆ. ಡಬ್ಬೀಕರಿಸಿದ ಆಹಾರದಲ್ಲಿ ತವರ ಕಿಲೋಗೆ 250 ಮಿಲಿಗ್ರಾಂ ಮೀರಬಾರದೆಂಬ ಮಿತಿಯಿದೆ.

ಎರಡನೆಯದು ಕಳಪೆ ಗುಣಮಟ್ಟದ ಆಹಾರ. ಆರೋಗ್ಯಕ್ಕೆ ಅಪಾಯವಿಲ್ಲದಿದ್ದರೂ ನಿಗದಿತ ಮಾನದಂಡ ತಲುಪದ ಆಹಾರ ಇದು. ಗಟ್ಟಿ ಡಬ್ಬಿಯಲ್ಲಿ ತುಂಬಿದ ಹಣ್ಣು, ತರಕಾರಿ ಉತ್ಪನ್ನವು ಡಬ್ಬಿಯ ನೀರಿನ ಧಾರಣಶಕ್ತಿಯ ಶೇ 90ಕ್ಕೆ ಕಡಿಮೆಯಿಲ್ಲದಂತೆ ತುಂಬಿರಬೇಕು. ರಸ ಬಸಿದ ಮೇಲೆ ಉಳಿಯುವ ಹಣ್ಣಿನ ತೂಕಕ್ಕೂ ಲೆಕ್ಕವಿದೆ. ನಾಲ್ಕು ತುಂಡು ಅನಾನಸ್ ಹಾಕಿ ಉಳಿದದ್ದನ್ನು ಸಕ್ಕರೆ ಪಾಕದಿಂದ ತುಂಬಿದ ಡಬ್ಬಿ ಇಲ್ಲಿ ಸಿಕ್ಕಿಬೀಳುತ್ತದೆ.

ಮೂರನೆಯದು ತಪ್ಪು ಚೀಟಿಯ ಆಹಾರ. ತಯಾರಿಕೆಯ ದಿನಾಂಕ, ಅವಧಿ, ಪದಾರ್ಥಗಳ ಪಟ್ಟಿ, ತಯಾರಕರ ವಿಳಾಸ, ಪರವಾನಗಿ ಸಂಖ್ಯೆ ಇವುಗಳಲ್ಲಿ ಸುಳ್ಳು ಅಥವಾ ಲೋಪವಿದ್ದರೆ ಈ ವರ್ಗಕ್ಕೆ ಸೇರುತ್ತದೆ. ಕಲ್ಲು, ಕೂದಲು, ತಗಡಿನ ಚೂರು ಮುಂತಾದ ಹೊರವಸ್ತು ಸೇರಿರುವ ಆಹಾರ ನಾಲ್ಕನೆಯ ವರ್ಗ.

ಡಬ್ಬಿಯ ಆಹಾರಕ್ಕೇ ಏಕೆ ಇಷ್ಟು ಎಚ್ಚರ?

ಬಿಡಿಯಾಗಿ ಮಾರುವ ಬೇಳೆಯನ್ನೋ ಹಾಲನ್ನೋ ಕೊಳ್ಳುವವರು ನೋಡಿ, ಮುಟ್ಟಿ, ಮೂಸಿ ತಕ್ಕಮಟ್ಟಿಗೆ ಅಂದಾಜು ಮಾಡಬಲ್ಲರು. ಮುಚ್ಚಿದ ಡಬ್ಬಿಯ ವಿಷಯದಲ್ಲಿ ಆ ಅವಕಾಶವೇ ಇಲ್ಲ. ಕೊಳ್ಳುವವರು ಕಾರ್ಖಾನೆಯ ಶಿಸ್ತನ್ನು ಪೂರ್ತಿಯಾಗಿ ನಂಬಿ ಹಣ ಕೊಡುತ್ತಾರೆ. ಆ ನಂಬಿಕೆ ಮುರಿದಾಗ ಅವರ ಪರವಾಗಿ ನಿಲ್ಲಬಲ್ಲದ್ದು ಕಾನೂನು ಮಾತ್ರ.

ಅಪಾಯದ ಮೂಲ ಕ್ಲಾಸ್ಟ್ರಿಡಿಯಂ ಬಾಟುಲಿನಮ್ ಎಂಬ ಬ್ಯಾಕ್ಟೀರಿಯಾ. ಇದರ ಬೀಜಾಣುಗಳು ಮಣ್ಣಿನಲ್ಲಿರುತ್ತವೆ, ತರಕಾರಿಯೊಡನೆ ಸುಲಭವಾಗಿ ಕಾರ್ಖಾನೆ ಸೇರುತ್ತವೆ, ಸಾಮಾನ್ಯ ಕುದಿನೀರಿಗೆ ಸಾಯುವುದಿಲ್ಲ. ಗಾಳಿಯಿಲ್ಲದ, ಹುಳಿ ಕಡಿಮೆಯಿರುವ ಜಾಗ ಸಿಕ್ಕರೆ ಅವು ಮೊಳೆತು, ಅತ್ಯಲ್ಪ ಪ್ರಮಾಣದಲ್ಲೇ ನರಗಳನ್ನು ನಿಷ್ಕ್ರಿಯಗೊಳಿಸುವ ವಿಷವನ್ನು ಉತ್ಪಾದಿಸುತ್ತವೆ. ಗಾಳಿ ತೆಗೆದು ಮುಚ್ಚಿದ ಡಬ್ಬಿ ಅವಕ್ಕೆ ಅಂಥ ಜಾಗವೇ. ಆದ್ದರಿಂದ ಆಹಾರದ ಪಿಎಚ್ 4.6ಕ್ಕಿಂತ ಹೆಚ್ಚಿದ್ದರೆ, ಅಂದರೆ ಅಣಬೆ, ಬಟಾಣಿ, ಜೋಳ, ಮೀನು, ಮಾಂಸದಂಥ ಹುಳಿಯಿಲ್ಲದ ಪದಾರ್ಥವಾಗಿದ್ದರೆ, ಅದನ್ನು ಒತ್ತಡದ ಪಾತ್ರೆಯಲ್ಲಿ ಸುಮಾರು 121 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಒಡ್ಡಬೇಕು. ಆ ಶಾಖ ಡಬ್ಬಿಯ ನಡುಭಾಗಕ್ಕೆ ಮುಟ್ಟಿ ಸಾಕಷ್ಟು ಹೊತ್ತು ನಿಲ್ಲಬೇಕು. ಅನಾನಸ್, ಮಾವು, ಟೊಮೆಟೊಗಳಲ್ಲಿ ಹುಳಿಯೇ ಈ ಬ್ಯಾಕ್ಟೀರಿಯಾವನ್ನು ತಡೆಯುವುದರಿಂದ ಕಡಿಮೆ ಶಾಖ ಸಾಕಾಗುತ್ತದೆ.

ಇದರಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ: ಡಬ್ಬಿಯ ಆಹಾರದ ದೋಷ ಬಹುಮಟ್ಟಿಗೆ ಒಂದೇ ಡಬ್ಬಿಯ ದೋಷವಾಗಿರುವುದಿಲ್ಲ. ಒಂದು ದಿನ ಶಾಖ ಕಡಿಮೆಯಾದರೆ, ಮುಚ್ಚಳ ಕೂಡಿಸುವ ಯಂತ್ರದ ಹೊಂದಾಣಿಕೆ ತಪ್ಪಿದರೆ, ತಣಿಸಲು ಬಳಸಿದ ನೀರು ಕೊಳಕಾಗಿದ್ದರೆ, ಅಂದು ಹೊರಬಂದ ಇಡೀ ಬ್ಯಾಚ್ ಅನುಮಾನಕ್ಕೆ ಒಳಗಾಗುತ್ತದೆ. ಹೀಗಾಗಿ ತಗಡಿನ ಮೇಲೆ ಒತ್ತಿರುವ ಆ ಚಿಕ್ಕ ಬ್ಯಾಚ್ ಸಂಖ್ಯೆಯೇ ಜಪ್ತಿಯ ಪ್ರಕರಣದಲ್ಲಿ ಅತಿ ಮುಖ್ಯವಾದ ಸಾಕ್ಷ್ಯ. ಅದನ್ನು ಸರಿಯಾಗಿ ಬರೆದುಕೊಳ್ಳದ ಜಪ್ತಿ ಎಷ್ಟೇ ದೊಡ್ಡದಾಗಿದ್ದರೂ ನ್ಯಾಯಾಲಯದಲ್ಲಿ ದುರ್ಬಲವಾಗುತ್ತದೆ.

ಉಬ್ಬಿದ ಡಬ್ಬಿಯಲ್ಲಿ ವಿಷ ಇದ್ದೇ ಇರುತ್ತದೆಯೇ? ಉಬ್ಬದ ಡಬ್ಬಿ ಸುರಕ್ಷಿತವೇ?

ಎರಡಕ್ಕೂ ಉತ್ತರ ಇಲ್ಲ ಎಂದೇ. ಹುಳಿ ಹಣ್ಣಿನ ರಸ ತಗಡಿನೊಡನೆ ಪ್ರತಿಕ್ರಿಯಿಸಿ ಹೈಡ್ರೋಜನ್ ಹುಟ್ಟಿಸಿದರೂ ಡಬ್ಬಿ ಉಬ್ಬುತ್ತದೆ. ವಿಪರೀತ ತುಂಬಿದರೂ ಮುಚ್ಚಳ ಮೇಲೇಳಬಹುದು. ಇನ್ನೊಂದೆಡೆ, ಕೆಲವು ಬ್ಯಾಕ್ಟೀರಿಯಾಗಳು ಅನಿಲವನ್ನೇ ಬಿಡದೆ ಒಳಗಿನ ಪದಾರ್ಥವನ್ನು ಹುಳಿಗೆಡಿಸುತ್ತವೆ, ಆಗ ಡಬ್ಬಿಯ ಎರಡೂ ತುದಿಗಳು ಚಪ್ಪಟೆಯಾಗಿಯೇ ಉಳಿಯುತ್ತವೆ. ಪ್ರಯೋಗಾಲಯದಲ್ಲಿ ಡಬ್ಬಿಗಳನ್ನು ತೆರೆಯದೆ 37 ಡಿಗ್ರಿ ಮತ್ತು 55 ಡಿಗ್ರಿ ಶಾಖದಲ್ಲಿ ಹಲವು ದಿನ ಇಟ್ಟು ನೋಡುವುದು ಈ ಕಾರಣಕ್ಕೆ. ಬರಿಗಣ್ಣಿನಿಂದ ಬಾಟುಲಿನಮ್ ವಿಷವನ್ನು ಬೇರ್ಪಡಿಸಿ ಗುರುತಿಸಲು ಸಾಧ್ಯವಿಲ್ಲವಾದ್ದರಿಂದ, ಉಬ್ಬಿದ, ಸೋರಿದ, ಅಂಚಿನಲ್ಲಿ ಜಜ್ಜಿದ ಅಥವಾ ಆಳವಾಗಿ ತುಕ್ಕು ಹಿಡಿದ ಯಾವ ಡಬ್ಬಿಯನ್ನೂ ಮಾರಬಾರದು, ತಿನ್ನಬಾರದು.

ಜಪ್ತಿ ಮಾಡುವ ಅಧಿಕಾರ ಯಾರಿಗಿದೆ? ಪೊಲೀಸರು ಮಾಡಬಹುದೇ?

ಕಾಯ್ದೆಯ 38ನೇ ಕಲಂ ಆಹಾರ ಸುರಕ್ಷತಾ ಅಧಿಕಾರಿಗೆ ಮಾದರಿ ತೆಗೆಯುವ, ಉಲ್ಲಂಘನೆ ಕಂಡುಬಂದ ಆಹಾರವನ್ನು ಜಪ್ತಿ ಮಾಡುವ ಮತ್ತು ತಯಾರಿಕೆ, ದಾಸ್ತಾನು, ಮಾರಾಟದ ಜಾಗಗಳನ್ನು ಪ್ರವೇಶಿಸಿ ತಪಾಸಣೆ ನಡೆಸುವ ಅಧಿಕಾರ ಕೊಟ್ಟಿದೆ. 41ನೇ ಕಲಂ ಪ್ರಕಾರ ಸಕಾರಣವಾದ ಅನುಮಾನವಿದ್ದರೆ ಅವರು ಯಾವುದೇ ಸ್ಥಳವನ್ನು ಶೋಧಿಸಿ ಸರಕನ್ನು ವಶಕ್ಕೆ ಪಡೆಯಬಹುದು. ಆಮೇಲೆ ಕೈಗೊಂಡ ಕ್ರಮವನ್ನು ಅಂಕಿತಾಧಿಕಾರಿಗೆ ಬರಹದಲ್ಲಿ ತಿಳಿಸಬೇಕು. ಶೋಧನೆಯು ದಂಡ ಪ್ರಕ್ರಿಯೆಯ ನಿಯಮಗಳಂತೆ, ಪಂಚರ ಸಮ್ಮುಖದಲ್ಲಿ ನಡೆಯಬೇಕು. ಪಂಚರು ಅದೇ ಊರಿನವರಲ್ಲ ಎಂಬ ಒಂದೇ ಕಾರಣಕ್ಕೆ ಶೋಧನೆ ಅಕ್ರಮವಾಗುವುದಿಲ್ಲ.

ಪೊಲೀಸರ ವಿಷಯದಲ್ಲಿ ಸುಪ್ರೀಂ ಕೋರ್ಟ್ 2024ರ ಫೆಬ್ರುವರಿ 21ರಂದು ರಾಮ್ ನಾಥ್ ಪ್ರಕರಣದಲ್ಲಿ ಸ್ಪಷ್ಟ ತೀರ್ಪು ನೀಡಿದೆ. ಆಹಾರ ಸುರಕ್ಷತಾ ಕಾಯ್ದೆಯ 59ನೇ ಕಲಮಿಗೆ ಒಳಪಡುವ ಅಪರಾಧವಿದ್ದಲ್ಲಿ ಅದೇ ಕೃತ್ಯಕ್ಕೆ ಭಾರತೀಯ ದಂಡ ಸಂಹಿತೆಯ 272 ಮತ್ತು 273ನೇ ಕಲಂಗಳನ್ನು ಹೂಡಲಾಗದು, ಏಕೆಂದರೆ 89ನೇ ಕಲಂ ಈ ಕಾಯ್ದೆಗೆ ಉಳಿದ ಕಾನೂನುಗಳ ಮೇಲೆ ಪ್ರಾಧಾನ್ಯ ಕೊಟ್ಟಿದೆ ಎಂಬುದು ಆ ತೀರ್ಪಿನ ಸಾರ. ಅದೇ ವರ್ಷ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಂಗಳು 274 ಮತ್ತು 275 ಆಗಿವೆ. ಪೊಲೀಸರು ಆಹಾರ ಸುರಕ್ಷತಾ ಅಧಿಕಾರಿಗೆ ನೆರವಾಗಿ ಬರುವುದು ಸರಿಯಾದದ್ದೇ. ಆದರೆ ಮಾದರಿ ತೆಗೆಯುವ ಕೆಲಸ ತರಬೇತಿ ಪಡೆದ ಆಹಾರ ಸುರಕ್ಷತಾ ಅಧಿಕಾರಿಯದು.

ಜಪ್ತಿಯಾದ ಡಬ್ಬಿಗಳನ್ನು ಒಯ್ಯುತ್ತಾರೆಯೇ, ಅಂಗಡಿಯಲ್ಲೇ ಬಿಡುತ್ತಾರೆಯೇ?

ಎರಡೂ ಉಂಟು. ಅಧಿಕಾರಿ ಸರಕನ್ನು ತಮ್ಮ ವಶಕ್ಕೆ ತೆಗೆದುಕೊಳ್ಳಬಹುದು, ಇಲ್ಲವೇ ಮಾದರಿ ತೆಗೆದ ಬಳಿಕ ಉಳಿದದ್ದನ್ನು ವ್ಯಾಪಾರಿಯ ಸುರಕ್ಷಿತ ವಶದಲ್ಲೇ ಇರಿಸಬಹುದು. ನೂರಾರು ಪೆಟ್ಟಿಗೆಗಳಿದ್ದಾಗ ಎರಡನೆಯದೇ ಹೆಚ್ಚು ಕಾರ್ಯಸಾಧ್ಯ. ಆಗ ಸರಕಿನ ಬೆಲೆಗೆ ಸಮನಾದ ಮೊತ್ತಕ್ಕೆ ಜಾಮೀನುದಾರರೊಂದಿಗೆ ಮುಚ್ಚಳಿಕೆ ಬರೆಸಿಕೊಳ್ಳಲು ಅಧಿಕಾರಿಗೆ ಅವಕಾಶವಿದೆ. ಎರಡೂ ಸಂದರ್ಭಗಳಲ್ಲಿ ಮಾದರಿಯನ್ನು ಆಹಾರ ವಿಶ್ಲೇಷಕರಿಗೆ ಕಳುಹಿಸಲೇಬೇಕು. ಮಾದರಿಗೆಂದು ತೆಗೆದುಕೊಂಡ ಡಬ್ಬಿಗಳಿಗೆ ಸಾಮಾನ್ಯ ಮಾರಾಟದ ಬೆಲೆಯನ್ನು ಇಲಾಖೆ ಪಾವತಿಸಬೇಕು. ಇದನ್ನು ಕೇಳಲು ಅಂಗಡಿಯವರು ಹಿಂಜರಿಯಬೇಕಾಗಿಲ್ಲ.

ಜಪ್ತಿ ಎಂಬುದು ಶಿಕ್ಷೆಯಲ್ಲ ಎಂದು ಇಲ್ಲೇ ಹೇಳಬೇಕು. ಅಪಾಯದ ಸರಕು ಜನರ ತಟ್ಟೆ ಸೇರದಂತೆ ತಡೆದು, ಸತ್ಯಾಂಶ ಗೊತ್ತಾಗುವವರೆಗೆ ಕಾಯುವ ತಾತ್ಕಾಲಿಕ ಕ್ರಮ ಅದು. ಜಪ್ತಿಯಾದ ದಿನವೇ ಅಂಗಡಿಯವರನ್ನು ಅಪರಾಧಿ ಎಂದು ಸಾರುವುದು ಅನ್ಯಾಯ. ಹಾಗೆಯೇ ವರದಿ ಬರುವ ಮೊದಲೇ ಸರಕನ್ನು ಬಿಡಿಸಿಕೊಳ್ಳಲು ಒತ್ತಡ ತರುವುದು ಅದಕ್ಕಿಂತ ದೊಡ್ಡ ಅನ್ಯಾಯ.

ಮಾದರಿಯನ್ನು ಹೇಗೆ ತೆಗೆಯಬೇಕು?

ಹೆಚ್ಚಿನ ಮೊಕದ್ದಮೆಗಳ ಗೆಲುವು ಸೋಲು ತೀರ್ಮಾನವಾಗುವುದು ಇಲ್ಲಿ. 47ನೇ ಕಲಂ ಪ್ರಕಾರ ಅಧಿಕಾರಿ ಮೊದಲು ವಿಶ್ಲೇಷಣೆಗೆ ಕಳುಹಿಸುವ ಉದ್ದೇಶವನ್ನು ಲಿಖಿತ ಸೂಚನೆಯ ಮೂಲಕ ತಿಳಿಸಬೇಕು. ಮಾದರಿಯನ್ನು ನಾಲ್ಕು ಭಾಗ ಮಾಡಿ, ಪ್ರತಿಯೊಂದಕ್ಕೂ ಗುರುತು ಹಾಕಿ, ಮೊಹರು ಮಾಡಿ, ಯಾರಿಂದ ತೆಗೆದುಕೊಂಡರೋ ಅವರ ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಪಡೆಯಬೇಕು. ಅವರು ನಿರಾಕರಿಸಿದರೆ ಸಾಕ್ಷಿಗಳನ್ನು ಕರೆದು ಅವರ ಸಹಿ ಪಡೆಯಬೇಕು. ಒಂದು ಭಾಗ ಆಹಾರ ವಿಶ್ಲೇಷಕರಿಗೆ, ಎರಡು ಭಾಗ ಅಂಕಿತಾಧಿಕಾರಿಗೆ ಹೋಗುತ್ತವೆ. ನಾಲ್ಕನೆಯ ಭಾಗವನ್ನು ಮಾನ್ಯತೆ ಪಡೆದ ಇನ್ನೊಂದು ಪ್ರಯೋಗಾಲಯಕ್ಕೆ ಕಳುಹಿಸುವಂತೆ ಕೇಳುವ ಹಕ್ಕು ವ್ಯಾಪಾರಿಗಿದೆ.

ಎಣ್ಣೆಯನ್ನು ನಾಲ್ಕು ಬಾಟಲಿಗೆ ಸುರಿಯಬಹುದು, ಹಿಟ್ಟನ್ನು ನಾಲ್ಕು ಪೊಟ್ಟಣ ಕಟ್ಟಬಹುದು. ಮುಚ್ಚಿದ ಡಬ್ಬಿಯನ್ನು ಹಾಗೆ ಒಡೆದು ಹಂಚಿದರೆ ಹೊರಗಿನ ಸೂಕ್ಷ್ಮಾಣುಗಳು ಸೇರಿ ಪರೀಕ್ಷೆಯ ಅರ್ಥವೇ ಕೆಡುತ್ತದೆ. ಅದಕ್ಕಾಗಿ ಒಂದೇ ಬಗೆಯ ಚೀಟಿ ವಿವರಗಳುಳ್ಳ ಮುಚ್ಚಿದ ಡಬ್ಬಿಗಳನ್ನು, ಬೇಕಾದ ಪ್ರಮಾಣಕ್ಕೆ ತಕ್ಕಂತೆ ಒಂದೋ ಹಲವೋ ಸೇರಿಸಿ, ಮಾದರಿಯ ಒಂದೊಂದು ಭಾಗವೆಂದು ಪರಿಗಣಿಸಲು ನಿಯಮಗಳು ಅವಕಾಶ ಕೊಟ್ಟಿವೆ. ಹೀಗೆ ಮಾಡುವಾಗ ನಾಲ್ಕೂ ಭಾಗಗಳ ಡಬ್ಬಿಗಳಲ್ಲಿ ಬ್ಯಾಚ್ ಸಂಖ್ಯೆ ಮತ್ತು ತಯಾರಿಕೆಯ ದಿನಾಂಕ ಒಂದೇ ಆಗಿವೆಯೇ ಎಂದು ಅಧಿಕಾರಿಯೂ ಅಂಗಡಿಯವರೂ ಒಟ್ಟಿಗೆ ಓದಿ ನೋಡಬೇಕು. ಒಂದು ಭಾಗದಲ್ಲಿ ಮಾರ್ಚ್ ತಿಂಗಳ ಡಬ್ಬಿ, ಇನ್ನೊಂದರಲ್ಲಿ ಮೇ ತಿಂಗಳದ್ದು ಸೇರಿಬಿಟ್ಟರೆ ಎರಡು ಪ್ರಯೋಗಾಲಯಗಳ ವರದಿಗಳನ್ನು ಹೋಲಿಸುವುದೇ ಅಸಾಧ್ಯವಾಗುತ್ತದೆ, ಮತ್ತು ನಿಜಕ್ಕೂ ಅಪಾಯಕಾರಿಯಾದ ಸರಕಿನ ತಯಾರಕರು ಕೂಡ ಆ ಬಿರುಕಿನಿಂದ ಪಾರಾಗುತ್ತಾರೆ. ಮಹಜರು ಬರೆಯುವಾಗ ಕಳೆಯುವ ಅರ್ಧ ಗಂಟೆ ಹೆಚ್ಚಿನ ಹೊತ್ತಿಗೆ ಯಾರೂ ಬೇಸರಪಡಬಾರದು.

ಕೆಲವೇ ಡಬ್ಬಿ ಕೆಟ್ಟಿದ್ದರೂ ಇಡೀ ದಾಸ್ತಾನನ್ನು ಏಕೆ ತಡೆಹಿಡಿಯುತ್ತಾರೆ?

26ನೇ ಕಲಮಿನ 5ನೇ ಉಪಕಲಂ ಇದಕ್ಕೆ ಆಧಾರ. ಅಸುರಕ್ಷಿತವೆಂದು ಕಂಡ ಆಹಾರ ಒಂದು ಬ್ಯಾಚಿಗೋ ಲಾಟಿಗೋ ಸೇರಿದ್ದರೆ, ಅದರಲ್ಲಿರುವ ಎಲ್ಲ ಆಹಾರವೂ ಅಸುರಕ್ಷಿತವೆಂದೇ ಭಾವಿಸಬೇಕು. ನಿಗದಿತ ಕಾಲದೊಳಗೆ ವಿವರವಾದ ಪರೀಕ್ಷೆ ನಡೆದು, ಉಳಿದದ್ದು ಅಸುರಕ್ಷಿತವೆನ್ನಲು ಆಧಾರವಿಲ್ಲವೆಂದು ತೋರಿಬಂದರೆ ಮಾತ್ರ ಈ ಭಾವನೆ ಕಳಚುತ್ತದೆ. ಡಬ್ಬಿ ಉದ್ಯಮದ ಸ್ವರೂಪ ಬಲ್ಲವರಿಗೆ ಇದು ಅತಿಯೆನಿಸದು. ಆದರೆ ಬೇರೆ ಬ್ಯಾಚಿನ, ಬೇರೆ ತಯಾರಕರ ಡಬ್ಬಿಗಳನ್ನೂ ಅದೇ ಮಹಜರಿನಲ್ಲಿ ಸೇರಿಸಿದರೆ ಅಂಗಡಿಯವರು ಲಿಖಿತ ಆಕ್ಷೇಪ ಸಲ್ಲಿಸಬೇಕು.

ತಯಾರಕರ ಹೊಣೆ ಇನ್ನೂ ದೊಡ್ಡದು. ತಮ್ಮ ಸರಕಿನಲ್ಲಿ ದೋಷವಿದೆಯೆಂದು ತಿಳಿದೊಡನೆ 28ನೇ ಕಲಂ ಮತ್ತು 2017ರ ಹಿಂಪಡೆಯುವಿಕೆ ನಿಯಮಾವಳಿಯಂತೆ ಅವರು ಅದನ್ನು ಮಾರುಕಟ್ಟೆಯಿಂದ ವಾಪಸು ತರಿಸಬೇಕು. ಒಂದು ಅಂಗಡಿಯ ಜಪ್ತಿಯಿಂದ ಇನ್ನೂರು ಅಂಗಡಿಗಳ ಡಬ್ಬಿಗಳು ನಿಲ್ಲುವುದಿಲ್ಲ.

ವರದಿ ಎಷ್ಟು ದಿನದಲ್ಲಿ ಬರುತ್ತದೆ? ಒಪ್ಪಿಗೆಯಾಗದಿದ್ದರೆ?

ಆಹಾರ ವಿಶ್ಲೇಷಕರು ಮಾದರಿ ತಲುಪಿದ 14 ದಿನಗಳೊಳಗೆ ವರದಿ ಕೊಡಬೇಕು. ಆಗದಿದ್ದರೆ ಕಾರಣವನ್ನೂ ಬೇಕಾಗುವ ಕಾಲವನ್ನೂ ಅಂಕಿತಾಧಿಕಾರಿ ಮತ್ತು ಆಯುಕ್ತರಿಗೆ ತಿಳಿಸಬೇಕು. ಡಬ್ಬಿಗಳನ್ನು ಹಲವು ದಿನ ಶಾಖದಲ್ಲಿಟ್ಟು ನೋಡಬೇಕಾದ ಪರೀಕ್ಷೆಗಳಿಗೆ ಈ ಅವಧಿ ಬಿಗಿಯಾದದ್ದು. ಆದರೂ ಕಾರಣ ಬರೆಯದೆ ತಿಂಗಳುಗಟ್ಟಲೆ ಎಳೆಯುವುದನ್ನು ಒಪ್ಪಲಾಗದು.

ವರದಿಯ ವಿರುದ್ಧ 30 ದಿನಗಳೊಳಗೆ ಅಂಕಿತಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಅವರು ಒಪ್ಪಿದರೆ ಮಾದರಿಯ ಇನ್ನೊಂದು ಭಾಗ ಉಲ್ಲೇಖಿತ ಪ್ರಯೋಗಾಲಯಕ್ಕೆ, ಅಂದರೆ ಮರುಪರೀಕ್ಷೆಗೆಂದು ಗೊತ್ತುಮಾಡಿರುವ ರೆಫರಲ್ ಪ್ರಯೋಗಾಲಯಕ್ಕೆ, ಹೋಗುತ್ತದೆ. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಅಂಥ ಪ್ರಯೋಗಾಲಯಗಳಲ್ಲಿ ಒಂದು. ಡಬ್ಬೀಕರಣದ ವಿಜ್ಞಾನದಲ್ಲಿ ದೇಶಕ್ಕೇ ದಾರಿ ತೋರಿದ ಸಂಸ್ಥೆ ನಮ್ಮ ರಾಜ್ಯದಲ್ಲಿದೆ ಎಂಬುದು ನಮಗೆ ಹೆಮ್ಮೆಯ ಸಂಗತಿ. ಆಹಾರ ವಿಶ್ಲೇಷಕರ ವರದಿಗೂ ವ್ಯಾಪಾರಿ ಕೇಳಿಕೊಂಡ ಪ್ರಯೋಗಾಲಯದ ವರದಿಗೂ ವ್ಯತ್ಯಾಸ ಬಂದರೆ ಉಲ್ಲೇಖಿತ ಪ್ರಯೋಗಾಲಯದ ತೀರ್ಮಾನವೇ ಅಂತಿಮ.

ಪ್ರಯೋಗಾಲಯದ ಮಾನ್ಯತೆ ಎಷ್ಟು ಮುಖ್ಯವೆಂಬುದಕ್ಕೆ 2015ರ ಮ್ಯಾಗಿ ಪ್ರಕರಣ ಸಾಕ್ಷಿ. ಅದು ಡಬ್ಬಿಯ ಆಹಾರವಲ್ಲದಿದ್ದರೂ ಪಾಠ ಒಂದೇ. ಆ ವರ್ಷದ ಜೂನ್ 5ರ ನಿಷೇಧ ಆದೇಶವನ್ನು ಬಾಂಬೆ ಹೈಕೋರ್ಟ್ ಆಗಸ್ಟ್ 13ರಂದು ರದ್ದುಪಡಿಸಿತು. ಕಂಪನಿಗೆ ತನ್ನ ಮಾತು ಹೇಳಿಕೊಳ್ಳಲು ಅವಕಾಶ ಕೊಡದಿದ್ದದ್ದು ಮತ್ತು ಪರೀಕ್ಷೆ ನಡೆಸಿದ ಪ್ರಯೋಗಾಲಯಗಳಿಗೆ 43ನೇ ಕಲಮಿನಂತೆ ಬೇಕಾದ ಮಾನ್ಯತೆ ಇಲ್ಲದಿದ್ದದ್ದು ಅದರ ಮುಖ್ಯ ಕಾರಣಗಳಲ್ಲಿ ಸೇರಿದ್ದವು. ನ್ಯಾಯಾಲಯ ಹೊಸ ಪರೀಕ್ಷೆಗೆ ಆದೇಶಿಸಿತು.

ಜಪ್ತಿಯಾದ ಸರಕನ್ನು ಅಂಗಡಿಯವರು ಬೇರೆಡೆಗೆ ಸಾಗಿಸಿದರೆ?

60ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಸೆರೆವಾಸ ಮತ್ತು 2 ಲಕ್ಷ ರೂಪಾಯಿವರೆಗೆ ದಂಡ. ಸರಕು ಕೊನೆಗೆ ಒಳ್ಳೆಯದೆಂದು ಸಾಬೀತಾಯಿತು ಎನ್ನುವುದು ಈ ಅಪರಾಧಕ್ಕೆ ಸಮಾಧಾನವಾಗದು.

ಮುಚ್ಚಿದ ಡಬ್ಬಿಯನ್ನು ಹಾಗೆಯೇ ಮಾರಿದ ಚಿಲ್ಲರೆ ಅಂಗಡಿಯವರ ತಪ್ಪೇನು?

ಈ ಪ್ರಶ್ನೆಯನ್ನು ಕೇಳುವವರ ಆತಂಕ ನಿಜವಾದದ್ದು, ಮತ್ತು ಕಾನೂನು ಅದನ್ನು ಗಣನೆಗೆ ತೆಗೆದುಕೊಂಡಿದೆ. 27ನೇ ಕಲಂ ತಯಾರಕರು, ಸಗಟು ವ್ಯಾಪಾರಿಗಳು, ಚಿಲ್ಲರೆ ಮಾರಾಟಗಾರರು ಇವರ ಹೊಣೆಯನ್ನು ಬೇರೆ ಬೇರೆಯಾಗಿ ಹೇಳುತ್ತದೆ. ಅವಧಿ ಮೀರಿದ್ದನ್ನು ಮಾರಿದರೆ, ಕೊಳಕು ಜಾಗದಲ್ಲಿ ಇಟ್ಟರೆ, ತಪ್ಪು ಚೀಟಿಯದ್ದನ್ನು ಮಾರಿದರೆ, ಎಲ್ಲಿಂದ ಬಂತೆಂದು ತಯಾರಕರನ್ನಾಗಲಿ ವಿತರಕರನ್ನಾಗಲಿ ಗುರುತಿಸಲಾಗದ ಸರಕು ಇಟ್ಟುಕೊಂಡರೆ, ಅಥವಾ ಅಸುರಕ್ಷಿತವೆಂದು ಗೊತ್ತಿದ್ದೇ ಪಡೆದಿದ್ದರೆ ಚಿಲ್ಲರೆ ವ್ಯಾಪಾರಿ ಹೊಣೆಗಾರರಾಗುತ್ತಾರೆ. ಎಚ್ಚರಿಕೆಯಿಂದ ನಡೆದುಕೊಂಡಿದ್ದರೆ ಅದನ್ನು ಪ್ರತಿವಾದವಾಗಿ ಮಂಡಿಸಲು 80ನೇ ಕಲಂ ಅವಕಾಶ ಕೊಟ್ಟಿದೆ.

ಅಂಗಡಿಯವರಿಗೆ ರಕ್ಷಣೆ ಕೊಡುವ ಕಾಗದ ಒಂದೇ: ಖರೀದಿ ಬಿಲ್ಲು. 26ನೇ ಕಲಮಿನ 4ನೇ ಉಪಕಲಂ ಪ್ರಕಾರ ಮಾರುವವರು ಆಹಾರದ ಸ್ವರೂಪ ಮತ್ತು ಗುಣಮಟ್ಟದ ಬಗ್ಗೆ ಲಿಖಿತ ಖಾತರಿ ಕೊಡಬೇಕು, ಮತ್ತು ಪ್ರತ್ಯೇಕ ಖಾತರಿ ಪತ್ರವಿಲ್ಲದಿದ್ದರೂ ಬಿಲ್ಲು ಅಥವಾ ಇನ್‌ವಾಯ್ಸನ್ನೇ ಖಾತರಿ ಎಂದು ಪರಿಗಣಿಸಲಾಗುತ್ತದೆ. ಬಿಲ್ಲಿಲ್ಲದೆ ಕಡಿಮೆ ದರಕ್ಕೆ ಸಿಕ್ಕಿತೆಂದು ಹತ್ತು ಪೆಟ್ಟಿಗೆ ಇಳಿಸಿಕೊಂಡವರು ಈ ರಕ್ಷಣೆಯನ್ನು ತಾವೇ ಬಿಟ್ಟುಕೊಟ್ಟಂತೆ. ಬಿಲ್ಲಿನಲ್ಲಿ ಬ್ಯಾಚ್ ಸಂಖ್ಯೆಯನ್ನೂ ನಮೂದಿಸುವಂತೆ ವಿತರಕರನ್ನು ಒತ್ತಾಯಿಸುವುದು ಒಳ್ಳೆಯದು.

ದಂಡ ಮತ್ತು ಶಿಕ್ಷೆ ಎಷ್ಟು?

ಕಳಪೆ ಗುಣಮಟ್ಟಕ್ಕೆ 5 ಲಕ್ಷ ರೂಪಾಯಿವರೆಗೆ, ತಪ್ಪು ಚೀಟಿಗೆ 3 ಲಕ್ಷದವರೆಗೆ, ಹೊರವಸ್ತುವಿಗೆ 1 ಲಕ್ಷದವರೆಗೆ ದಂಡವಿದೆ. ಇವುಗಳ ವಿಚಾರಣೆ ಅಪರ ಜಿಲ್ಲಾಧಿಕಾರಿಯ ದರ್ಜೆಗೆ ಕಡಿಮೆಯಿಲ್ಲದ ನ್ಯಾಯನಿರ್ಣಯ ಅಧಿಕಾರಿಯ ಮುಂದೆ ನಡೆಯುತ್ತದೆ. ದಂಡ ನಿಗದಿ ಮಾಡುವಾಗ ಲಾಭ ಎಷ್ಟಾಯಿತು, ತಪ್ಪು ಮರುಕಳಿಸಿದೆಯೇ, ತಿಳಿಯದೆ ನಡೆದದ್ದೇ ಎಂಬುದನ್ನು ಅವರು ನೋಡಬೇಕು. ಅವರ ಆದೇಶದ ಮೇಲೆ ಆಹಾರ ಸುರಕ್ಷತಾ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು.

ಅಸುರಕ್ಷಿತ ಆಹಾರದ ಪ್ರಕರಣ ನ್ಯಾಯಾಲಯಕ್ಕೆ ಹೋಗುತ್ತದೆ, ಅದಕ್ಕೆ ಆಯುಕ್ತರ ಮಂಜೂರಾತಿ ಬೇಕು. ಯಾರಿಗೂ ಹಾನಿಯಾಗದಿದ್ದರೆ ಮೂರು ತಿಂಗಳವರೆಗೆ ಸೆರೆವಾಸ ಮತ್ತು 3 ಲಕ್ಷದವರೆಗೆ ದಂಡ. ಇದು 2023ರ ಜನ ವಿಶ್ವಾಸ್ ತಿದ್ದುಪಡಿಯ ನಂತರದ ಪ್ರಮಾಣ, ಮೊದಲು ಆರು ತಿಂಗಳು ಮತ್ತು 1 ಲಕ್ಷ ಇತ್ತು. ಸಣ್ಣ ಹಾನಿಯಾದರೆ ಒಂದು ವರ್ಷ ಮತ್ತು 3 ಲಕ್ಷದವರೆಗೆ, ತೀವ್ರ ಹಾನಿಯಾದರೆ ಆರು ವರ್ಷ ಮತ್ತು 5 ಲಕ್ಷದವರೆಗೆ. ಸಾವು ಸಂಭವಿಸಿದರೆ ಏಳು ವರ್ಷಕ್ಕೆ ಕಡಿಮೆಯಿಲ್ಲದ, ಜೀವಾವಧಿಯವರೆಗೂ ವಿಸ್ತರಿಸಬಹುದಾದ ಸೆರೆವಾಸ ಮತ್ತು 10 ಲಕ್ಷಕ್ಕೆ ಕಡಿಮೆಯಿಲ್ಲದ ದಂಡ. ಸಾಮಾನ್ಯವಾಗಿ ಅಪರಾಧ ನಡೆದ ಒಂದು ವರ್ಷದೊಳಗೆ ಪ್ರಕರಣ ಹೂಡಬೇಕು. ಆಯುಕ್ತರು ಕಾರಣ ಬರೆದು ಇದನ್ನು ಮೂರು ವರ್ಷದವರೆಗೆ ವಿಸ್ತರಿಸಬಹುದು.

ಜಪ್ತಿಯಾದ ಡಬ್ಬಿಗಳನ್ನು ತಕ್ಷಣ ನಾಶಮಾಡಬಹುದೇ?

ಬೇಗ ಕೆಡುವ ಆಹಾರ ತಿನ್ನಲಾಗದಷ್ಟು ಹಾಳಾಗಿದೆಯೆಂದು ಮನವರಿಕೆಯಾದರೆ, ವ್ಯಾಪಾರಿಗೆ ಲಿಖಿತ ಸೂಚನೆ ಕೊಟ್ಟ ಮೇಲೆ ಅಧಿಕಾರಿ ನಾಶಮಾಡಿಸಬಹುದು. ಹಾಲು, ಹಸಿ ಮೀನುಗಳಿಗೆ ಇದು ಸುಲಭವಾಗಿ ಅನ್ವಯಿಸುತ್ತದೆ. ಮುಚ್ಚಿದ ಡಬ್ಬಿ ವರ್ಷಗಟ್ಟಲೆ ಇರಲೆಂದೇ ಮಾಡಿದ್ದಾದ್ದರಿಂದ, ವರದಿ ಬರುವವರೆಗೆ ಕಾಯುವುದೇ ಸರಿಯಾದ ದಾರಿ. ಸಾಕ್ಷ್ಯವನ್ನು ಅವಸರದಿಂದ ಹೂತುಹಾಕಿದರೆ ತಯಾರಕರ ವಿರುದ್ಧದ ಪ್ರಕರಣವೂ ಜೊತೆಗೇ ಹೋಗುತ್ತದೆ. ನಾಶಮಾಡುವ ಸಮಯ ಬಂದಾಗ ಪ್ರತಿ ಡಬ್ಬಿಯನ್ನೂ ತೂತುಮಾಡಿ, ಚೀಟಿ ಕೆಡಿಸಿ, ಮತ್ತೆ ಯಾರೂ ಎತ್ತಿಕೊಂಡು ಮಾರದಂತೆ ನೋಡಿಕೊಳ್ಳಬೇಕು.

ಹಳೆಯ ದಿನಾಂಕ ಅಳಿಸಿ ಹೊಸದನ್ನು ಒತ್ತುವುದು ಎಷ್ಟು ದೊಡ್ಡ ಅಪರಾಧ?

ಡಬ್ಬಿಯ ವ್ಯಾಪಾರದಲ್ಲಿ ನಡೆಯುವ ಮೋಸಗಳಲ್ಲಿ ಇದು ಅತ್ಯಂತ ನೀಚವಾದದ್ದು, ಏಕೆಂದರೆ ಕೊಳ್ಳುವವರ ಕೈಯಲ್ಲಿರುವ ಒಂದೇ ಮಾಹಿತಿಯನ್ನು ಅದು ಸುಳ್ಳಾಗಿಸುತ್ತದೆ. ಕಾಯ್ದೆಯ ಪ್ರಕಾರ ಇದು ತಪ್ಪು ಚೀಟಿಯ ಅಪರಾಧವಂತೂ ಹೌದು, ಒಳಗಿನದು ಕೆಟ್ಟಿದ್ದರೆ ಅಸುರಕ್ಷಿತ ಆಹಾರದ ಅಪರಾಧವೂ ಆಗುತ್ತದೆ. ಅವಧಿ ಮುಗಿದ ಮತ್ತು ತಿರಸ್ಕೃತ ಸರಕು ಎಲ್ಲಿಗೆ ಹೋಗುತ್ತದೆಂಬುದರ ಮೇಲೆ ಕಣ್ಣಿಡಲು ಎಫ್‌ಎಸ್‌ಎಸ್‌ಎಐ 2024ರ ಡಿಸೆಂಬರ್‌ನಲ್ಲಿ ತಯಾರಕರು ಮತ್ತು ಆಮದುದಾರರಿಂದ ಮೂರು ತಿಂಗಳಿಗೊಮ್ಮೆ ವಿವರ ಸಲ್ಲಿಸುವಂತೆ ಸೂಚಿಸಿತು.

ವಿದೇಶದಿಂದ ಬರುವ ಡಬ್ಬಿಗಳನ್ನು ಯಾರು ತಡೆಯುತ್ತಾರೆ?

ಬಂದರು ಮತ್ತು ವಿಮಾನ ನಿಲ್ದಾಣಗಳಲ್ಲಿ ಎಫ್‌ಎಸ್‌ಎಸ್‌ಎಐನ ಅಧಿಕೃತ ಅಧಿಕಾರಿಗಳು 2017ರ ಆಮದು ನಿಯಮಾವಳಿಯಂತೆ ಪರಿಶೀಲಿಸುತ್ತಾರೆ. ಸರಕು ಬಂದಿಳಿದಾಗ ಅದರ ಬಾಳಿಕೆಯ ಅವಧಿಯಲ್ಲಿ ಶೇ 60 ಭಾಗ ಅಥವಾ ಮೂರು ತಿಂಗಳು, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟಾದರೂ ಉಳಿದಿರಬೇಕು. ಮಾನದಂಡಕ್ಕೆ ಹೊಂದದ ಸರಕನ್ನು ಹಿಂದಕ್ಕೆ ಕಳುಹಿಸಬೇಕು ಇಲ್ಲವೇ ನಾಶಮಾಡಬೇಕು.

ಅಮೆರಿಕದಲ್ಲಿ ಸರಕಿನ ಮೇಲೆಯೇ ಮೊಕದ್ದಮೆ ಹೂಡುತ್ತಾರಂತೆ, ನಿಜವೇ?

ನಿಜ. ಅಲ್ಲಿ ನೆಲೆಸಿ ಆಹಾರ ಆಮದಿನ ವ್ಯಾಪಾರ ಮಾಡುವ ಕನ್ನಡಿಗರಿಗೆ ಇದು ತಿಳಿದಿರಬೇಕಾದ ವ್ಯತ್ಯಾಸ. 1938ರ ಒಕ್ಕೂಟ ಆಹಾರ, ಔಷಧ ಮತ್ತು ಪ್ರಸಾಧನ ಕಾಯ್ದೆಯಡಿ ಸರ್ಕಾರ ಜಿಲ್ಲಾ ನ್ಯಾಯಾಲಯದಲ್ಲಿ ಆಹಾರವನ್ನೇ ಪ್ರತಿವಾದಿಯನ್ನಾಗಿ ಮಾಡುತ್ತದೆ. 1956ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಮಾನಿಸಿದ ಒಂದು ಪ್ರಸಿದ್ಧ ಪ್ರಕರಣದ ಹೆಸರಿನಲ್ಲಿ ಸರ್ಕಾರದ ಎದುರಾಳಿಯಾಗಿ ನಿಂತಿರುವುದು 1,500 ಪೆಟ್ಟಿಗೆ ಟೊಮೆಟೊ ಪೇಸ್ಟ್. ಸರಕಿನ ಮಾಲೀಕರು ಮುಂದೆ ಬಂದು ತಮ್ಮ ಹಕ್ಕು ಸಾಧಿಸಬೇಕು. ಸೋತರೆ ಸರಕು ನಾಶವಾಗುತ್ತದೆ, ಅಥವಾ ಮುಚ್ಚಳಿಕೆ ಬರೆದುಕೊಟ್ಟು ಮೇಲ್ವಿಚಾರಣೆಯಲ್ಲಿ ಸರಿಪಡಿಸಿಕೊಳ್ಳಲು ನ್ಯಾಯಾಲಯ ಅನುಮತಿಸಬಹುದು. ನ್ಯಾಯಾಲಯಕ್ಕೆ ಹೋಗುವ ಮೊದಲು ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಸರಕನ್ನು 20 ದಿನ, ಅಗತ್ಯವಿದ್ದರೆ 30 ದಿನದವರೆಗೆ ತಡೆಹಿಡಿಯಬಹುದು. ನಮ್ಮಲ್ಲಿ ಹಾಗಲ್ಲ, ಜಪ್ತಿ ಮಾಡುವುದು ಅಧಿಕಾರಿ, ಮುಂದಿನ ಪ್ರಕರಣ ವ್ಯಕ್ತಿ ಅಥವಾ ಕಂಪನಿಯ ಮೇಲೆ. ತಡೆಹಿಡಿಯುವಿಕೆಗೆ ದಿನಗಳ ಮಿತಿ ಇರುವ ಆ ಪದ್ಧತಿಯಿಂದ ನಾವು ಕಲಿಯಬಹುದಾದದ್ದು ಇದೆ ಎನಿಸುತ್ತದೆ.

ಮನೆಗೆ ತಂದ ಡಬ್ಬಿಯ ಮೇಲೆ ಅನುಮಾನ ಬಂದರೆ ಏನು ಮಾಡಬೇಕು?

ತೆರೆಯಬೇಡಿ, ರುಚಿ ನೋಡಬೇಡಿ. ಬಾಟುಲಿನಮ್ ವಿಷವಿರುವ ಆಹಾರದ ವಾಸನೆ, ಬಣ್ಣ ಸರಿಯಾಗಿಯೇ ಇರಬಹುದು. ಬ್ಯಾಚ್ ಸಂಖ್ಯೆ ಮತ್ತು ದಿನಾಂಕ ಕಾಣುವಂತೆ ಚಿತ್ರ ತೆಗೆದು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮಕ್ಕಳ ಕೈಗೆ ಸಿಗದಂತೆ ಇಟ್ಟು, ಬಿಲ್ಲಿನೊಂದಿಗೆ ಜಿಲ್ಲಾ ಅಂಕಿತಾಧಿಕಾರಿಯ ಕಚೇರಿಗೆ ದೂರು ಕೊಡಿ. ಎಫ್‌ಎಸ್‌ಎಸ್‌ಎಐನ ಉಚಿತ ಸಹಾಯವಾಣಿ 1800112100 ಕೂಡ ಇದೆ. 40ನೇ ಕಲಂ ಪ್ರಕಾರ ಗ್ರಾಹಕರೇ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಉಲ್ಲಂಘನೆ ಕಂಡುಬಂದರೆ ಶುಲ್ಕ ವಾಪಸಾಗುತ್ತದೆ. ಆದರೆ ಪರೀಕ್ಷೆ ಮಾಡಿಸುವ ಉದ್ದೇಶವನ್ನು ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಿರಬೇಕು.

ಈಗಾಗಲೇ ತಿಂದಿದ್ದು, ಎರಡೆರಡು ಕಾಣುವುದು, ರೆಪ್ಪೆ ಜೋಲುವುದು, ಮಾತು ತೊದಲುವುದು, ನುಂಗಲು ಕಷ್ಟವಾಗುವುದು ಇವುಗಳಲ್ಲಿ ಯಾವುದು ಕಂಡರೂ ಒಂದು ಗಂಟೆಯೂ ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಸಾಮಾನ್ಯವಾಗಿ 12ರಿಂದ 36 ಗಂಟೆಗಳಲ್ಲಿ ಇವು ತಲೆದೋರುತ್ತವೆ, ಕೆಲವೊಮ್ಮೆ ದಿನಗಳ ನಂತರವೂ.

ಅಧಿಕಾರಿ ಕಿರುಕುಳಕ್ಕಾಗಿಯೇ ಜಪ್ತಿ ಮಾಡಿದರೆ?

39ನೇ ಕಲಂ ಇದಕ್ಕಾಗಿಯೇ ಇದೆ. ಸಕಾರಣವಿಲ್ಲದೆ, ಪೀಡಿಸುವ ಉದ್ದೇಶದಿಂದ ಆಹಾರವನ್ನು ಜಪ್ತಿ ಮಾಡಿದ ಅಧಿಕಾರಿಗೆ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಅಧಿಕಾರಿಯ ಮೇಲೆ ಸುಳ್ಳು ದೂರು ಕೊಟ್ಟವರಿಗೂ 50 ಸಾವಿರದಿಂದ 1 ಲಕ್ಷದವರೆಗೆ ದಂಡವಿದೆ. ದೂರನ್ನು ಆಹಾರ ಸುರಕ್ಷತಾ ಆಯುಕ್ತರಿಗೆ ಬರಹದಲ್ಲಿ, ಮಹಜರಿನ ಪ್ರತಿಯೊಂದಿಗೆ ಸಲ್ಲಿಸಬೇಕು.

ಕೆಟ್ಟ ಡಬ್ಬಿಯ ಆಹಾರ ತಿಂದು ಅಸ್ವಸ್ಥರಾದವರಿಗೆ ಪರಿಹಾರ ಸಿಗುತ್ತದೆಯೇ?

ಸಿಗುತ್ತದೆ. 65ನೇ ಕಲಮಿನಂತೆ ಸಾವಿಗೆ 5 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ, ತೀವ್ರ ಹಾನಿಗೆ 3 ಲಕ್ಷದವರೆಗಿನ, ಉಳಿದ ಹಾನಿಗೆ 1 ಲಕ್ಷದವರೆಗಿನ ಪರಿಹಾರವನ್ನು ತಯಾರಕರು ಅಥವಾ ಮಾರಾಟಗಾರರು ಕೊಡುವಂತೆ ಆದೇಶಿಸಬಹುದು. ಘಟನೆ ನಡೆದ ಆರು ತಿಂಗಳೊಳಗೆ ಇದನ್ನು ಪಾವತಿಸಬೇಕು, ಸಾವು ಸಂಭವಿಸಿದ್ದರೆ ಹತ್ತಿರದ ಸಂಬಂಧಿಗೆ 30 ದಿನದೊಳಗೆ ಮಧ್ಯಂತರ ಪರಿಹಾರ ತಲುಪಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಗ್ರಾಹಕರ ಆಯೋಗಕ್ಕೆ ಹೋಗುವ ದಾರಿಯೂ ತೆರೆದಿದೆ. ಎರಡೂ ಕಡೆ ಮೊದಲು ಕೇಳುವುದು ಆಹಾರಕ್ಕೂ ಕಾಯಿಲೆಗೂ ಇರುವ ಸಂಬಂಧದ ಸಾಕ್ಷ್ಯವನ್ನು. ಆದ್ದರಿಂದ ಆಸ್ಪತ್ರೆಗೆ ಹೋದ ದಿನವೇ ಯಾವ ಡಬ್ಬಿಯ ಆಹಾರವನ್ನು ಎಷ್ಟು ಹೊತ್ತಿಗೆ ತಿಂದಿರಿ ಎಂಬುದನ್ನು ವೈದ್ಯರಿಗೆ ಹೇಳಿ ಚೀಟಿಯಲ್ಲಿ ಬರೆಸಿ, ಉಳಿದ ಆಹಾರವನ್ನು ಡಬ್ಬಿಯ ಸಮೇತ ಫ್ರಿಜ್ಜಿನಲ್ಲಿ ಪ್ರತ್ಯೇಕವಾಗಿ ಇಟ್ಟು, ಅಧಿಕಾರಿ ಬಂದು ಪಡೆಯುವವರೆಗೆ ಯಾರೂ ಮುಟ್ಟದಂತೆ ನೋಡಿಕೊಳ್ಳಬೇಕು.